ಬಾವಿ ಹಗ್ಗದಲ್ಲಿ ಕಡಲು ಅಳೆದ ಭಾವ

ಅನುಷಾ, ಪ್ರೀತಮ್, ಸಣ್ಣವಳು ಚಿನ್ಮಯಿ, ಮೂವರೂ ಕೇಳಿ. ಸರಕಾರದವರಿಗೆ ಅರ್ಧ ಟಿಕೆಟು ಹರಿದು ಕೊಟ್ಟ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ನಿಮ್ಮ ದೊಡ್ಡಜ್ಜ. ನಿಮ್ಮ ಅಜ್ಜನ ಅಣ್ಣ, ನನಗೆ ಭಾವ. ಅವರು ಅರಬ್ಬಿ ಸಮುದ್ರವನ್ನು ನಮ್ಮ ಮನೆಯ ಬಾವಿ ಹಗ್ಗದಲ್ಲಿ ಅಳೆದರು. ಒಂದು ದಿನವಲ್ಲ, ಎರಡು ದಿನವಲ್ಲ, ಸಾಯುವವರೆಗೂ ಅಳೆದರು. ಹಗ್ಗದ ಇನ್ನೊಂದು ತುದಿ ಹಿಡಿದವಳು ನಾನು.

ಮೊದಲು ನನ್ನ ವಿಷಯ ಎರಡು ಮಾತು. ನಾನು ಅಜೆಕಾರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನ ಕೂಡಿದಲ್ಲಿ ನನ್ನ ಬಾಯಿಗೆ ಬೀಗ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಜ್ಜ ಇದ್ದಿದ್ದರೆ ಇದನ್ನೆಲ್ಲ ಬಾಯಲ್ಲೇ ಹೇಳಿ, ನಡುನಡುವೆ ತಾವೇ ನಕ್ಕು, ಕತೆಯನ್ನು ಅರ್ಧಕ್ಕೆ ಬಿಟ್ಟು ಚಹಾ ಕೇಳುತ್ತಿದ್ದರು. ಅವರಿಲ್ಲದೆ ಈ ಕೆಲಸ ನನ್ನ ಪಾಲಿಗೆ ಬಂತು.

ನಾನು ಮದುವೆಯಾಗಿ ಕಾಪುವಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಅಲ್ಲಿಯವರೆಗೆ ನಾನು ಕಂಡ ಅತಿ ದೊಡ್ಡ ನೀರು ಎಂದರೆ ನಮ್ಮ ಊರಿನ ಕೆರೆ. ಇಲ್ಲಿ ನೋಡಿದರೆ ತುಳಸಿಕಟ್ಟೆಯ ಎದುರು ಆಚೆ ದಡವೇ ಇಲ್ಲದ ಕೆರೆ! ಮನೆಯಲ್ಲಿ ಇದ್ದದ್ದು ನಾನೂ ಸೇರಿ ಮೂವರು. ನಿಮ್ಮ ಅಜ್ಜ ಬೆಳಗ್ಗಿನ ಬಸ್ಸಿಗೆ ಮಣಿಪಾಲಕ್ಕೆ ಹೋಗಿ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಸಂಜೆ ಬರುತ್ತಿದ್ದರು. ಭಾವ ಮದುವೆಯಾಗದವರು. ಖಾಕಿ ಅಂಗಿ ತೊಟ್ಟು ಚಾವಡಿಯಲ್ಲಿ ಕೂತಿರುತ್ತಿದ್ದರು.

ಖಾಕಿ ಅಂಗಿ ಯಾಕೆಂದರೆ ಅವರು ಮೊದಲು ಬಸ್ಸಿನ ಕಂಡಕ್ಟರು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಒಂದು ಬಸ್ಸಿನಲ್ಲಿ ಇದ್ದರು. ಕಂಡಕ್ಟರು ದಿನವೂ ಟ್ರಿಪ್ ಶೀಟು ಎಂಬ ಹಾಳೆಯಲ್ಲಿ ಬಸ್ಸು ಯಾವ ಊರಿಗೆ ಎಷ್ಟು ಗಂಟೆಗೆ ಮುಟ್ಟಿತು ಎಂದು ಬರೆಯಬೇಕು. ಎಲ್ಲ ಕಂಡಕ್ಟರುಗಳೂ ಮುಟ್ಟಬೇಕಾದ ಗಂಟೆಯನ್ನು ಬರೆಯುತ್ತಿದ್ದರು, ಭಾವ ಮುಟ್ಟಿದ ಗಂಟೆಯನ್ನು ಬರೆಯುತ್ತಿದ್ದರು. ‘ಒಂಬತ್ತು ಗಂಟೆ ಹನ್ನೊಂದು ನಿಮಿಷ. ಕಾರಣ: ಡ್ರೈವರು ಬನ್ಸು ತಿಂದದ್ದು.’ ಮಾಲಿಕರು ಕರೆದು, “ನೀನು ಗಡಿಯಾರಕ್ಕೆ ಕೆಲಸ ಮಾಡುವುದಾ, ನನಗಾ?” ಎಂದು ಕೇಳಿದರಂತೆ. ಭಾವ ಯೋಚಿಸಿ ಉತ್ತರ ಕೊಟ್ಟರು. ಮರುದಿನದಿಂದ ಮನೆಯಲ್ಲೇ ಇದ್ದರು. ಬರುವಾಗ ಎರಡು ಖಾಕಿ ಅಂಗಿ, ಒಂದು ಕಟ್ಟು ಖಾಲಿ ಟ್ರಿಪ್ ಶೀಟು ಮತ್ತು ಮುಗಿಯದ ಟಿಕೆಟು ಪುಸ್ತಕ ಒಂದು ಜೊತೆಗೆ ಬಂದವು.

ಕಡಲಿನ ಮೇಲೆ ಅವರ ಕಣ್ಣು ಬಿದ್ದದ್ದು ಆಮೇಲೆ. ಮಳೆಗಾಲದಲ್ಲಿ ಕಡಲು ಏರಿ ಬಂದು ದಡವನ್ನು ಕೊರೆಯುತ್ತದೆ, ನಿಮಗೆ ಗೊತ್ತುಂಟು. ದೀಪಸ್ತಂಭದ ಕಡೆಯಿಂದ ಸರಕಾರದವರು ಕಲ್ಲು ಹಾಕುತ್ತಾ ಬಂದಿದ್ದರು. ಆ ಕಲ್ಲಿನ ಸಾಲು ನಮ್ಮ ಏಳು ಮನೆಗಳಿಗಿಂತ ಸ್ವಲ್ಪ ಹಿಂದೆ ನಿಂತುಬಿಟ್ಟಿತ್ತು. ಏಳು ಮನೆಗಳಿಗೂ ಕುಡಿಯುವ ನೀರು ನಮ್ಮ ಅಂಗಳದ ಬಾವಿಯದ್ದು. ಕಡಲಿಗೆ ಅಷ್ಟು ಹತ್ತಿರ ಇದ್ದರೂ ಎಳನೀರಿನಂಥ ನೀರು. ಕಡಲು ಇನ್ನೂ ಹತ್ತಿರ ಬಂದು ಬಾವಿಗೆ ಉಪ್ಪು ಹತ್ತಿದರೆ ಏಳು ಮನೆಯ ಹೆಂಗಸರೂ ದೊಡ್ಡ ರಸ್ತೆ ದಾಟಿ ಹೋಗಿ ನೀರು ಹೊರಬೇಕು. ಆದ್ದರಿಂದ ಕಲ್ಲು ಬೇಕು. ಕಲ್ಲು ಬೇಕಾದರೆ ಕಡಲು ಬಂದಿದೆ ಎಂದು ಸರಕಾರಕ್ಕೆ ತೋರಿಸಬೇಕು.

ಅರ್ಜಿ ಹಾಕಿದ ಮೇಲೆ ನಾಲ್ಕು ಮಂದಿ ಜೀಪಿನಲ್ಲಿ ನೋಡಲು ಬಂದರು. ಬಂದದ್ದು ಯಾವಾಗ? ಚಳಿಗಾಲದಲ್ಲಿ. ಆಗ ಕಡಲು ಹಾಲು ಕುಡಿದ ಬೆಕ್ಕಿನ ಹಾಗೆ ಮಲಗಿರುತ್ತದೆ, ತಾನು ಕೊಂಡುಹೋದ ಮರಳಿನಲ್ಲಿ ಮುಕ್ಕಾಲು ಪಾಲು ತಂದು ಹಾಕಿರುತ್ತದೆ. ನಾಲ್ವರೂ ಎಳನೀರು ಕುಡಿದರು. ‘ಇಲ್ಲಿ ಕಡಲ್ಕೊರೆತ ಕಾಣುವುದಿಲ್ಲ’ ಎಂದು ಬರೆದುಕೊಂಡರು.

ಭಾವ ಟಿಕೆಟು ಪುಸ್ತಕ ತೆಗೆದು ನಾಲ್ಕು ಅರ್ಧ ಟಿಕೆಟು ಹರಿದು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರು.

“ಇದು ಎಂತ?” ಎಂದರು ದೊಡ್ಡ ಸಾಹೇಬರು.

“ನೀವು ನೋಡಿದ್ದು ಅರ್ಧ ಕಡಲು. ಇನ್ನರ್ಧ ಆಟಿ ತಿಂಗಳ ಜಡಿಮಳೆಯಲ್ಲಿ ಉಂಟು. ಆಗ ಬಂದರೆ ಪೂರ್ತಿ ಟಿಕೆಟು ಕೊಡುತ್ತೇನೆ.”

ಸಾಹೇಬರಿಗೆ ಸಿಟ್ಟು ಬಂತು. ಭಾವನಿಗೆ ಅದಕ್ಕಿಂತ ಹೆಚ್ಚು ಬಂತು. “ಚಳಿಗಾಲದಲ್ಲಿ ಬಂದು ಕಡಲನ್ನು ನೋಡುವುದು, ಧಾರೆಯ ದಿನ ಮದುಮಗಳನ್ನು ನೋಡಿ ಇವಳಿಗೆ ಸಿಟ್ಟೇ ಬರುವುದಿಲ್ಲ ಎಂದು ಬರೆದ ಹಾಗೆ,” ಎಂದು ಸಂಜೆ ತಮ್ಮನಿಗೆ ಹೇಳಿದರು. ನಿಮ್ಮ ಅಜ್ಜ ಅಡುಗೆಮನೆಯ ಕಡೆ ನೋಡಿ, “ಹೌದು, ಅದು ನನಗೂ ಗೊತ್ತು,” ಎಂದರು.

ಅಂದಿನಿಂದ ಭಾವ ತಾವೇ ಲೆಕ್ಕ ಇಡಲು ಹೊರಟರು. ಕಡಲು ಯಾವ ತಿಂಗಳು ಎಲ್ಲಿತ್ತು ಎಂಬ ವರ್ಷಗಟ್ಟಲೆ ಲೆಕ್ಕ. ಹಳೆಯ ಲೆಕ್ಕವೂ ಬೇಕೆಂದು ನೆರೆಮನೆಯ ಮುದುಕ ಮೀನುಗಾರನನ್ನು ಹಿಡಿದರು.

“ನಿನ್ನ ಸಣ್ಣಪ್ರಾಯದಲ್ಲಿ ಕಡಲು ಎಷ್ಟು ದೂರ ಇತ್ತು?”

“ತುಂಬ ದೂರ ಕಂಡಕ್ಟರೇ.”

“ತುಂಬ ಎಂದರೆ?”

“ಮನೆಯಿಂದ ಒಂದು ಬೀಡಿ ಹಚ್ಚಿ ಹೊರಟರೆ ಬೀಡಿ ಮುಗಿಯುವಾಗ ಕಾಲಿಗೆ ನೀರು.”

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಭಾವ ಬೀಡಿಯ ಕಟ್ಟು ತಂದರು. ಒಂದು ಬೀಡಿಗೆ ಎಷ್ಟು ದೂರ ಎಂದು ನೋಡಬೇಡವೇ? ಮುದುಕನನ್ನು ರಸ್ತೆಯಲ್ಲಿ ನಡೆಸಿದರು. ಮೊದಲನೆಯ ಬೀಡಿ ಗಾಳಿಗೆ ಆರಿತು. ಎರಡನೆಯದಕ್ಕೆ ಅವನಿಗೆ ಕೆಮ್ಮು ಬಂದು ಕೂತ. ಮೂರನೆಯದರಲ್ಲಿ ದಾರಿಯಲ್ಲಿ ನೆಂಟರು ಸಿಕ್ಕಿ ಬೀಡಿ ಮುಗಿದರೂ ಮಾತು ಮುಗಿಯಲಿಲ್ಲ. ಹೀಗೆ ಕಟ್ಟು ಖಾಲಿಯಾದ ಮೇಲೆ ಮುದುಕ ತಲೆ ಕೆರೆದು, “ಈಗ ನೆನಪಾಯಿತು ಕಂಡಕ್ಟರೇ, ಎರಡು ಬೀಡಿ ದೂರ ಇರಬೇಕು. ಇನ್ನೊಂದು ಕಟ್ಟು ತನ್ನಿ, ನೋಡುವ,” ಎಂದ.

ಮನುಷ್ಯರ ಬಾಯಿ ನಂಬಿ ಪ್ರಯೋಜನವಿಲ್ಲ ಎಂದು ಭಾವ ಮಲ್ಪೆಗೆ ಹೋಗಿ ನೈಲಾನ್ ಹಗ್ಗ ತಂದರು. ಟ್ರಾಲರ್ ದೋಣಿಯ ಹಗ್ಗ, ಹಸಿರು ಬಣ್ಣ, ಸರಿಯಾಗಿ ಇಪ್ಪತ್ತು ಮೊಳ. ಆಗ ನಮ್ಮ ಕಡೆ ಬಾವಿಗೆಲ್ಲ ತೆಂಗಿನ ನಾರಿನ ಹಗ್ಗವೇ. ನೈಲಾನ್ ಹಗ್ಗವನ್ನು ನೋಡಲು ಏಳು ಮನೆಯವರೂ ಬಂದರು. ಅಷ್ಟು ಒಳ್ಳೆಯ ಹಗ್ಗ ಕಡಲು ಅಳೆಯದ ದಿನ ಸುಮ್ಮನೆ ಬೀಳುವುದೇಕೆ ಎಂದು ಅದೇ ಬಾವಿ ಹಗ್ಗವೂ ಆಯಿತು. ಇಲ್ಲಿಯೇ ಎಡವಟ್ಟಿನ ಬೀಜ ಬಿದ್ದದ್ದು.

ಅಳೆಯಲು ಇಬ್ಬರು ಬೇಕು. ನಿಮ್ಮ ಅಜ್ಜ ಮಣಿಪಾಲದಲ್ಲಿ. ಉಳಿದವಳು ನಾನು. ಆದರೆ ನಮ್ಮಲ್ಲಿ ಆಗ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಕ್ರಮವಿರಲಿಲ್ಲ. ಅವರು ಚಾವಡಿಗೆ ಬಂದರೆ ನಾನು ಬಾಗಿಲಿನ ಹಿಂದೆ. ನನಗಂತೂ ಕ್ರಮ ಇಲ್ಲದಿದ್ದರೂ ಮಾತು ಬರುತ್ತಿರಲಿಲ್ಲ. ಭಾವ ನನಗೆ ಹೇಳಬೇಕಾದದ್ದನ್ನೆಲ್ಲ ಚಾವಡಿಯ ಕಂಬಕ್ಕೆ ಹೇಳುತ್ತಿದ್ದರು. “ಇವತ್ತು ಊಟಕ್ಕೆ ತಡ ಆದರೂ ಅಡ್ಡಿಯಿಲ್ಲ,” ಎಂದು ಕಂಬಕ್ಕೆ. “ಸಾರಿಗೆ ಉಪ್ಪು ಒಂದು ಚೂರು ಕಡಿಮೆ,” ಎಂದು ಕಂಬಕ್ಕೆ. “ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ವಿಷಯ ತಿಳಿದದ್ದು ಆ ಕಂಬ,” ಎಂದು ನಿಮ್ಮ ಅಜ್ಜ ನಗುತ್ತಿದ್ದರು.

ಈ ಕಷ್ಟಕ್ಕೂ ಭಾವ ಬಸ್ಸಿನಿಂದಲೇ ಉಪಾಯ ತಂದರು. ಆಗಿನ ಬಸ್ಸುಗಳಲ್ಲಿ ಮಾಡಿನ ಕೆಳಗೆ ಉದ್ದಕ್ಕೆ ಒಂದು ಹಗ್ಗ, ಅದರ ತುದಿಗೆ ಡ್ರೈವರನ ಕಿವಿಯ ಹತ್ತಿರ ಒಂದು ಗಂಟೆ ಇರುತ್ತಿತ್ತು. ಕಂಡಕ್ಟರು ಹಗ್ಗವನ್ನು ಒಮ್ಮೆ ಎಳೆದರೆ ಬಸ್ಸು ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ಹಾಗೆಯೇ ನಾವು. ನಾನು ತುಳಸಿಕಟ್ಟೆಯಲ್ಲಿ ಹಗ್ಗದ ತುದಿ ಹಿಡಿದು ನಿಲ್ಲುವುದು. ಭಾವ ಇನ್ನೊಂದು ತುದಿ ಹಿಡಿದು ಕಡಲಿನ ಕಡೆ ನಡೆದು, ಹಗ್ಗ ಬಿಗಿಯಾದಲ್ಲಿ ಕೋಲು ಊರುವುದು. ಎರಡು ಸಲ ಎಳೆದರೆ ನಾನು ಕೋಲಿನವರೆಗೆ ಹೋಗಬೇಕು, ಅವರು ಮುಂದೆ. ಒಮ್ಮೆ ಎಳೆದರೆ ನಿಲ್ಲಬೇಕು. ತೆರೆಯ ಅಂಚು ಮುಟ್ಟುವವರೆಗೆ ಎಷ್ಟು ಹಗ್ಗ ಆಯಿತೋ ಅದು ಆ ದಿನದ ಲೆಕ್ಕ. ನಮ್ಮಿಬ್ಬರ ನಡುವೆ ಯಾವಾಗಲೂ ಇಪ್ಪತ್ತು ಮೊಳ ದೂರ. ಕ್ರಮಕ್ಕೂ ಭಂಗವಿಲ್ಲ, ಕೆಲಸಕ್ಕೂ ಭಂಗವಿಲ್ಲ!

ಅಮಾವಾಸ್ಯೆ, ಹುಣ್ಣಿಮೆಗೆ ಕಡಲು ಉಕ್ಕುವ ಭರತದ ಹೊತ್ತು ನೋಡಿ ಅಳೆಯುವುದು. ಆಟಿಯಲ್ಲಿ ಪ್ರತಿದಿನ. ಒಂದು ಆಟಿಯಲ್ಲಿ ನನ್ನ ಅಮ್ಮ ಹೇಳದೆ ಕೇಳದೆ ಅಜೆಕಾರಿನಿಂದ ಬಂದರು. ಬಂದವರಿಗೆ ಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು ಕೊಡಬೇಕಲ್ಲ? ಮನೆಯಲ್ಲಿ ಯಾರೂ ಇಲ್ಲ. ಬಾವಿಯಲ್ಲಿ ನೀರುಂಟು, ಹಗ್ಗವಿಲ್ಲ. ಕಡಲಿನ ಕಡೆ ಬಂದು ನೋಡಿದರೆ ಸುರಿಯುವ ಮಳೆಯಲ್ಲಿ ಮಗಳು ಒಂದು ಹಗ್ಗ ಹಿಡಿದು ಮರಳಿನಲ್ಲಿ ನಿಂತಿದ್ದಾಳೆ, ಹಗ್ಗದ ಆ ತುದಿಯಲ್ಲಿ ಅವಳ ಭಾವ ಮೊಣಕಾಲು ನೀರಿನಲ್ಲಿ.

“ನಿನ್ನನ್ನು ದನದ ಹಾಗೆ ಕಟ್ಟಿ ಹಾಕಿದ್ದಾರಾ ಮಗಾ?” ಎಂದರು ಅಮ್ಮ.

“ಇಲ್ಲಮ್ಮ, ಕಡಲು ಅಳೆಯುವುದು.”

ಅಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿದರು. “ಆಯಿತು, ಅಳೆಯಿರಿ. ಆದರೆ ಮುಗಿದ ಮೇಲೆ ಒಂದು ಕೊಡ ಬಾವಿಯಿಂದಲೂ ಅಳೆದು ಕೊಡಿ, ಕಾಲು ತೊಳೆಯಬೇಕು.”

ಮನೆಗೆ ಬಂದ ಮೇಲೆ ಭಾವ ಕಂಬಕ್ಕೆ “ಇವತ್ತು ಆರು ಹಗ್ಗ ಎರಡು ಗೇಣು” ಎನ್ನುವರು. ನಾನು ಬಾಗಿಲಿನ ಹಿಂದೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುವೆ. ನನ್ನ ಅಕ್ಷರ ಚಂದ ಎಂದು ಕಂಬದ ಹತ್ತಿರ ಅವರು ಎರಡು ಸಲ ಹೇಳಿದ್ದುಂಟು. ಮೊದಲ ಪುಟದಲ್ಲಿ ‘ಒಂದು ಹಗ್ಗ ಎಂದರೆ ಇಪ್ಪತ್ತು ಮೊಳ’ ಎಂದು ಬರೆಸಿದ್ದರು. ಅದರ ಕೆಳಗೆ ಮೊದಲ ಆಟಿಯ ಲೆಕ್ಕ: ಆರು ಹಗ್ಗ. ಅವರು ತಮ್ಮ ಪಾಡಿಗೆ ಟ್ರಿಪ್ ಶೀಟಿನಲ್ಲೂ ಏನೋ ಗೀಚಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನಾನು ಅದನ್ನು ನೋಡಲು ಹೋಗಲಿಲ್ಲ.

ವರ್ಷಗಳು ಹೋದವು. ಒಂದು ವಿಚಿತ್ರವಾಯಿತು. ಕಡಲಿನ ಬದಿಯ ನಮ್ಮ ಎರಡು ತೆಂಗಿನ ಮರಗಳು ನೀರಿಗೆ ಬಿದ್ದು ಹೋದವು. ಆದರೆ ನೋಟ್‌ಬುಕ್ಕಿನಲ್ಲಿ ಕಡಲು ಆರು ಹಗ್ಗದಿಂದ ಆರೂಕಾಲು, ಆರೂಕಾಲಿನಿಂದ ಆರೂವರೆ ಹಗ್ಗ ದೂರಕ್ಕೆ ಹೋಗುತ್ತಲೇ ಇತ್ತು! ನನಗೆ ಆಶ್ಚರ್ಯವಾಗುತ್ತಿತ್ತು. ಆದರೆ ಕೇಳುವುದು ಹೇಗೆ? ಕಂಬ ಒಂದು ಕಡೆಯಿಂದ ಮಾತ್ರ ಕೆಲಸ ಮಾಡುತ್ತಿತ್ತು.

ಭಾವ ಉಡುಪಿಯ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಕೊಡುತ್ತಿದ್ದರು. ಪ್ರತಿ ಅರ್ಜಿಗೂ ಒಂದು ಅರ್ಧ ಟಿಕೆಟು ಗುಂಡುಸೂಜಿಯಲ್ಲಿ ಚುಚ್ಚಿರುತ್ತಿತ್ತು. ಅಲ್ಲಿನ ಗುಮಾಸ್ತರೊಬ್ಬರು, “ಕಂಡಕ್ಟರೇ, ಎಲ್ಲಿಗೆ ಹೋಗುವ ಟಿಕೆಟು ಇದು?” ಎಂದು ತಮಾಷೆ ಮಾಡಿದರೆ, “ಕಡಲು ನಿಮ್ಮ ಕಚೇರಿಯವರೆಗೆ ಬಂದ ಮೇಲೆ ನಿಮಗೆ ಓಡಲಿಕ್ಕೆ,” ಎಂದರಂತೆ. ಕೊನೆಗೆ ಎಂಬತ್ತರ ದಶಕದ ಆರಂಭದಲ್ಲಿ ಘಟ್ಟದ ಮೇಲಿನ ಊರಿನಿಂದ ಒಬ್ಬರು ಹೊಸ ಇಂಜಿನಿಯರು ಆ ಕಚೇರಿಗೆ ಬಂದರು. ಚಿಕ್ಕ ಪ್ರಾಯ. ಫೈಲು ಬಿಡಿಸಿದರೆ ಅರ್ಜಿಗಿಂತ ಟಿಕೆಟು ಹೆಚ್ಚು. ಇದೇನೆಂದು ನೋಡಲು ಹೊರಟೇಬಿಟ್ಟರು. ಅದೂ ಆಟಿಯಲ್ಲಿ, ಕೊಡೆ ಮಗುಚುವ ಗಾಳಿಮಳೆಯಲ್ಲಿ.

ಭಾವ ಅವರಿಗೆ ಪೂರ್ತಿ ಟಿಕೆಟು ಹರಿದು ಕೊಟ್ಟರು. ಏಳು ಮನೆಯವರೂ ಅಂಗಳದಲ್ಲಿ ಸೇರಿದ್ದರು. ನಿಮ್ಮ ಅಜ್ಜ ಕೆಲಸಕ್ಕೆ ರಜೆ ಹಾಕಿ ನಿಂತಿದ್ದರು. ಇಂಜಿನಿಯರು ಚಾವಡಿಯಲ್ಲಿ ಕೂತು ನನ್ನ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. “ಇಷ್ಟು ಮುದ್ದಾಗಿ ಬರೆದ ಲೆಕ್ಕ ನಮ್ಮ ಆಫೀಸಲ್ಲೂ ಇಲ್ಲ,” ಎಂದರು. ಬಾಗಿಲಿನ ಹಿಂದೆ ನನ್ನ ಕಿವಿ ಬಿಸಿಯಾಯಿತು. ಆಮೇಲೆ ಅವರು ಪೆನ್ನು ತೆಗೆದು ಗುಣಿಸಿದರು. ಗುಣಿಸಿದ್ದನ್ನು ಮತ್ತೊಮ್ಮೆ ಗುಣಿಸಿದರು.

“ಏನ್ರೀ ಇದು? ಮೊದಲನೇ ವರ್ಷ ಆರು ಹಗ್ಗ, ನೂರಿಪ್ಪತ್ತು ಮೊಳ. ಈ ವರ್ಷ ಆರೂವರೆ ಹಗ್ಗ, ನೂರಾಮೂವತ್ತು ಮೊಳ. ನಿಮ್ಮ ಪುಸ್ತಕದ ಪ್ರಕಾರ ಕಡಲು ಹತ್ತು ಮೊಳ ಹಿಂದಕ್ಕೆ ಹೋಗಿದೆಯಲ್ರೀ. ಇದನ್ನ ನಾನು ಮೇಲಕ್ಕೆ ಕಳಿಸಿದ್ರೆ ದೀಪಸ್ತಂಭದ ಹತ್ರ ಹಾಕಿರೋ ಕಲ್ಲನ್ನೂ ವಾಪಸ್ ತನ್ನಿ ಅಂತಾರೆ.”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಮುದುಕ ಮೀನುಗಾರ, “ನಾನು ಬೀಡಿಯ ಲೆಕ್ಕವೇ ಸಾಕು ಎಂದಿದ್ದೆ,” ಎಂದ.

“ಎರಡು ಮರ ಹೋಗಿದೆ ಸಾರ್, ನೋಡಿ,” ಎಂದರು ನಿಮ್ಮ ಅಜ್ಜ.

“ಮರ ಗಾಳಿಗೂ ಬೀಳುತ್ತೆ ಅಂತ ಬರೀತಾರೆ. ಇವತ್ತು ಕಡಲು ಎಲ್ಲಿದೆ ಅಂತ ನಾನೇ ಅಳೀಬಹುದು. ಆದ್ರೆ ಹಳೇ ವರ್ಷಗಳ ಕಡಲನ್ನ ಎಲ್ಲಿಂದ ತರಲಿ? ಅದು ಇರೋದು ಈ ಪುಸ್ತಕದಲ್ಲಿ ಮಾತ್ರ. ಪುಸ್ತಕವೇ ಸುಳ್ಳಾದ್ರೆ ಏನು ಮಾಡಲಿ?”

ಭಾವ ಖಾಕಿ ಅಂಗಿಯ ಕಿಸೆಗೆ ಕೈ ಹಾಕಿದರು. ಹಾಕಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅಂಗಳದ ತುಂಬ ಇದ್ದ ಜನರನ್ನು ಒಮ್ಮೆ, ನನ್ನ ಬಾಗಿಲನ್ನು ಒಮ್ಮೆ ನೋಡಿ ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದರು. ಜೀವನವಿಡೀ ನಿಮಿಷದ ಲೆಕ್ಕ ತಪ್ಪದವರು, ಒಂದು ತಪ್ಪು ಪುಸ್ತಕದ ಎದುರು ತಲೆ ತಗ್ಗಿಸಿ ಕೂತಿದ್ದರು.

ನನಗೆ ಆಗಲೇ ಹೊಳೆದದ್ದು.

ಮಕ್ಕಳೇ, ನೈಲಾನ್ ಹಗ್ಗ ಎಷ್ಟು ಒಳ್ಳೆಯ ಹಗ್ಗ ಎಂದು ಆಗಲೇ ಹೇಳಿದೆನಲ್ಲ? ಬಾವಿಗೆ ಹತ್ತು ಮೊಳ ಸಾಕು. ಉಳಿದದ್ದು ಬಾವಿಕಟ್ಟೆಯಲ್ಲಿ ಸುರುಳಿ ಬಿದ್ದಿರುತ್ತಿತ್ತು. ನಾನು ಬಾಣಂತನ ಮುಗಿಸಿ ಅಜೆಕಾರಿನಿಂದ ನಿಮ್ಮ ಅಮ್ಮನನ್ನು ಎತ್ತಿಕೊಂಡು ಬಂದ ದಿನ ತೊಟ್ಟಿಲು ಕಟ್ಟಬೇಕಿತ್ತು. ಹಗ್ಗ ತರುತ್ತೇನೆಂದ ನಿಮ್ಮ ಅಜ್ಜ ಮರೆತು ಬಂದಿದ್ದರು. ಮಗು ಅಳುತ್ತಿತ್ತು. ನಾನು ಕತ್ತಿ ತೆಗೆದು ಮೂರು ಮೊಳ ಕತ್ತರಿಸಿದೆ. ಮುಂದೆ ಹಸು ಕರು ಹಾಕಿದಾಗ ಎರಡು ಮೊಳ. ಇನ್ನೊಂದು ಮಳೆಗಾಲದಲ್ಲಿ ಒಲೆಯ ಮೇಲ್ಗಡೆ ಬಟ್ಟೆ ಒಣಗಿಸಲು ಒಂದು ಮೊಳ. ಕಡಲಿನ ನೆನಪು ನನಗೆ ಬರಲೇ ಇಲ್ಲ. ಹಗ್ಗ ಸ್ವಲ್ಪ ಗಿಡ್ಡವಾದರೂ ಅದು ಒಂದು ಹಗ್ಗವೇ ಅಲ್ವಾ? ಏಳನೆಯ ತರಗತಿಯವರೆಗೆ ಕಲಿತ ಗಣಿತ ಅಡುಗೆಮನೆಯ ಬಾಗಿಲಿನ ಹೊರಗೇ ನಿಂತಿತ್ತು. ಕಡಲನ್ನು ಹಿಂದಕ್ಕೆ ಓಡಿಸಿದವಳು ನಾನು!

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ಒಂದೇ ವಿದ್ಯೆ. ಆದರೆ ಬಾಗಿಲ ಸಂದಿಯಿಂದ ಬಾವಿ ಕಾಣುತ್ತಿತ್ತು, ಅದರಾಚೆ ಬಿಳಿ ನೊರೆ ಕಾಣುತ್ತಿತ್ತು. ನಾನು ಅಟ್ಟ ಹತ್ತಿ ತೊಟ್ಟಿಲಿನ ಹಗ್ಗ ತೆಗೆದೆ. ಒಲೆಯ ಮೇಲಿನದನ್ನು ಬಿಚ್ಚಿದೆ, ಒಣಗಿದ ಬಟ್ಟೆಯೆಲ್ಲ ಬೂದಿಗೆ ಬಿತ್ತು. ಹಟ್ಟಿಗೆ ಹೋಗಿ ಕರುವಿನದನ್ನು ಬಿಚ್ಚಿದೆ. ಆಗ ಅದು ಕರುವಲ್ಲ, ದೊಡ್ಡ ಹಸು. ಬಿಟ್ಟದ್ದೇ ತಡ, ಇಂಜಿನಿಯರರ ಜೀಪಿನ ಹತ್ತಿರ ಹೋಗಿ ನಿಂತಿತು. ಮೂರು ತುಂಡುಗಳನ್ನು ಹಿಡಿದು ನಾನು ಚಾವಡಿಗೆ ಬಂದೆ. ಭಾವನ ಎದುರಿಗೆ. ಇಪ್ಪತ್ತು ಮೊಳದ ಒಳಗೆ. ಮೊದಲ ಸಲ.

“ಕಡಲು ಹಿಂದೆ ಹೋಗಲಿಲ್ಲ ಸಾರ್,” ಎಂದೆ. ಸ್ವರ ನನ್ನದೋ ಬೇರೆಯವರದ್ದೋ ಗೊತ್ತಾಗಲಿಲ್ಲ. “ಹಗ್ಗವನ್ನು ನಾನು ಕತ್ತರಿಸಿದ್ದು.”

ಇಂಜಿನಿಯರು ನನ್ನನ್ನು ನೋಡಿದರು, ಹಗ್ಗಗಳನ್ನು ನೋಡಿದರು. “ಯಾವ ತುಂಡು ಯಾವಾಗ ಕತ್ತರಿಸಿದ್ರಿ ಅಂತ ಗೊತ್ತಾಮ್ಮ?”

ಅದು ಗೊತ್ತಿಲ್ಲದೆ ಇರುತ್ತದೆಯೇ? ಮಗಳು ಈ ಮನೆಗೆ ಬಂದ ದಿನ ಯಾವ ತಾಯಿಗೆ ಮರೆಯುತ್ತದೆ? ಹಸು ಕರು ಹಾಕಿದ ದಿನ ಹೇಳಿದೆ. ಒಲೆಯ ಮೇಲೆ ಬಟ್ಟೆ ಕಟ್ಟಿದ್ದು ನಿಮ್ಮ ಅಜ್ಜನಿಗೆ ಜ್ವರ ಬಂದು ಎಂಟು ದಿನ ಮಲಗಿದ ಮಳೆಗಾಲ ಎಂದು ಹೇಳಿದೆ. ಅವರು ಒಂದೊಂದನ್ನೂ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡರು. ಆಮೇಲೆ ಬಾವಿ ಹಗ್ಗವನ್ನೂ ಮೂರು ತುಂಡುಗಳನ್ನೂ ಉದ್ದಕ್ಕೆ ಸಾಲಾಗಿ ಇಡಿಸಿ ತಮ್ಮ ಟೇಪು ಹಿಡಿದರು. ಇಪ್ಪತ್ತು ಮೊಳ ಎಂದರೆ ಮೂವತ್ತು ಅಡಿ. ಎರಡು ಬೆರಳು ಕಡಿಮೆ ಬಂತು.

“ಆ ಎರಡು ಬೆರಳು ಎಲ್ಲಿ?”

“ಕರು ಜಗಿದದ್ದು ಸಾರ್.”

ಅದನ್ನೂ ಬರೆದುಕೊಂಡರು. ಹಗ್ಗದಲ್ಲಿ ಈಗ ಉಳಿದದ್ದು ಹದಿನಾಲ್ಕು ಮೊಳ. ಆರೂವರೆ ಹಗ್ಗ ಎಂದರೆ ತೊಂಬತ್ತೊಂದು ಮೊಳ. ಕಡಲು ಇಪ್ಪತ್ತೊಂಬತ್ತು ಮೊಳ ಒಳಗೆ ಬಂದಿತ್ತು. ಅಂಗಳದಲ್ಲಿ ಈಗ ಯಾರೂ ನಗಲಿಲ್ಲ. ಇಂಜಿನಿಯರು ಪುಸ್ತಕ ಮುಚ್ಚಿ, “ಇದನ್ನ ನಾನು ಮೇಲಕ್ಕೆ ಕಳಿಸ್ತೀನಿ. ತೊಟ್ಟಿಲು, ಕರು ಎಲ್ಲಾ ಸೇರಿಸೇ ಕಳಿಸ್ತೀನಿ. ತಪ್ಪು ಎಲ್ಲಾಯ್ತು ಅಂತ ಹೇಳೋ ಲೆಕ್ಕವನ್ನ ನಂಬಬಹುದು,” ಎಂದರು.

ಮುಂದಿನ ಬೇಸಿಗೆಯಲ್ಲಿ ಕಾರ್ಕಳದಿಂದ ಲಾರಿಗಳಲ್ಲಿ ಕರಿಕಲ್ಲು ಬಂತು. ಸಾಲು ನಮ್ಮ ಬಾವಿಯನ್ನು ದಾಟಿ ಹೋಯಿತು. ನೋಟ್‌ಬುಕ್ಕನ್ನೂ ಇಂಜಿನಿಯರು ಮಾತಿನಂತೆ ಹಿಂದೆ ಕಳುಹಿಸಿಕೊಟ್ಟರು. ನೀವು ರಜೆಗೆ ಬಂದಾಗ ಕುಡಿಯುವುದು ಆ ಬಾವಿಯ ನೀರನ್ನೇ.

ಹಗ್ಗದ ವಿಷಯದಲ್ಲಿ ಭಾವ ನನಗೆ ಒಂದು ಮಾತೂ ಹೇಳಲಿಲ್ಲ. ಕಂಬಕ್ಕೂ ಹೇಳಲಿಲ್ಲ. ಮಲ್ಪೆಗೆ ಹೋಗಿ ಹೊಸ ಹಗ್ಗ ತಂದರು. ಅಮಾವಾಸ್ಯೆಗೆ ನಾನು ತುಳಸಿಕಟ್ಟೆಯಲ್ಲಿ ನಿಂತೆ. ಎರಡು ಸಲ ಎಳೆದರು. ನಾನು ಹೊರಟೆ.

ಎಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಪೆಟ್ಟಿಗೆಯಲ್ಲಿದ್ದ ಖಾಕಿ ಅಂಗಿಗಳನ್ನು ಒಗೆಯಲು ತೆಗೆದೆ. ಹಳೆಯ ಅಂಗಿಯ ಕಿಸೆಯಲ್ಲಿ ಮಡಚಿ ಮಡಚಿ ಮೆತ್ತಗಾದ ಟ್ರಿಪ್ ಶೀಟುಗಳಿದ್ದವು. ಅದರಲ್ಲಿ ಎಲ್ಲ ವರ್ಷಗಳ ಕಡಲಿನ ಲೆಕ್ಕವಿತ್ತು. ನನ್ನ ಪುಸ್ತಕದ ತಪ್ಪು ಲೆಕ್ಕವಲ್ಲ, ಸರಿಯಾದ ಲೆಕ್ಕ. ಎರಡು ಮೊಳ ಹೋದದ್ದು, ಒಂದು ಮೊಳ ಹೋದದ್ದು ಎಲ್ಲವನ್ನೂ ಆಯಾ ದಿನವೇ ಕಳೆದು ಗುಣಿಸಿದ್ದರು. ಇಂಜಿನಿಯರು ಬಂದ ದಿನ ಇದೇ ಹಾಳೆಗಳು ಅವರ ಕಿಸೆಯಲ್ಲಿದ್ದವು. ಜನರ ಎದುರು ಅದನ್ನು ತೆಗೆದಿದ್ದರೆ ಹಗ್ಗ ಕಡಿದವರು ಯಾರು ಎಂಬ ಮಾತು ಬರುತ್ತಿತ್ತು. ಬಾವಿ ಹೋಗುವುದಾದರೂ ಹೋಗಲಿ ಎಂದು ಕೈಯನ್ನು ಹಿಂದಕ್ಕೆ ತೆಗೆದರು.

ನಿಮ್ಮ ಅಮ್ಮ ಈ ಮನೆಗೆ ಬಂದ ದಿನದ ಹಾಳೆಯಲ್ಲಿ ಹೀಗಿದೆ: ‘ಹಗ್ಗ ಹದಿನೇಳು ಮೊಳ. ಕಾರಣ: ತೊಟ್ಟಿಲು. ಮಗು ಮಲಗಿದೆ. ಕೇಳುವುದು ಬೇಡ.’

ನಾನು ಆ ಅಂಗಿಯನ್ನು ಒಗೆಯಲಿಲ್ಲ.

ಅನುಷಾ, ಪ್ರೀತಮ್, ಚಿನ್ಮಯಿ, ನೋಟ್‌ಬುಕ್ಕು, ಟ್ರಿಪ್ ಶೀಟು, ನಾನು ಬರೆದ ಈ ಹಾಳೆಗಳು ಮೂರನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಟ್ಟದಲ್ಲಿ ಇಟ್ಟಿದ್ದೇನೆ. ಕಡಲ ಗಾಳಿಗೆ ಕಾಗದ ಬೇಗ ಕೆಡುತ್ತದೆ, ಮುಚ್ಚಳ ಬಿಗಿಯಾಗಿ ಹಾಕಿ. ಮೂರನ್ನೂ ಬೇರೆ ಬೇರೆ ಮಾಡಬೇಡಿ. ಮುಂದೆ ಯಾರಾದರೂ ಕಡಲು ಮೊದಲು ಎಲ್ಲಿತ್ತು ಎಂದು ಕೇಳಿಕೊಂಡು ಬಂದರೆ ಡಬ್ಬಿ ತೆಗೆದು ತೋರಿಸಿ. ತೋರಿಸಿ ಆದ ಮೇಲೆ ಮತ್ತೆ ಅಲ್ಲೇ ಇಡಿ. ತೊಟ್ಟಿಲಿನ ಹಗ್ಗ ಅದರ ಪಕ್ಕದಲ್ಲೇ ಉಂಟು.